ಹತ್ತಕ್ಕೆ ಎಷ್ಟು ನೋವು?

ನೋವಿನ ವಿಭಾಗದಲ್ಲಿ ಕೆಲಸ ಅಂದರೆ ಯಾರೂ ನಗುವಂಥದ್ದನ್ನು ನಿರೀಕ್ಷಿಸುವುದಿಲ್ಲ. ನಾನೂ ನಿರೀಕ್ಷಿಸಿರಲಿಲ್ಲ. ಆದರೂ ಹಲಸೂರಿನ ನಮ್ಮ ಆಸ್ಪತ್ರೆಯ ಉದ್ದನೆಯ ಬೆಂಚಿನ ಮೇಲೆ ವಾರಕ್ಕೊಂದಾದರೂ ಪ್ರಸಂಗ ನಡೆಯುತ್ತದೆ. ನಗು ಬಂದಾಗ ಫೈಲನ್ನು ಮುಖಕ್ಕೆ ಅಡ್ಡ ಹಿಡಿಯುತ್ತೇನೆ, ಯಾಕೆಂದರೆ ಎದುರಿಗೆ ಕೂತವರಿಗೆ ನಿಜಕ್ಕೂ ನೋಯುತ್ತಿರುತ್ತದೆ.

ಮೊದಲು ನಾನು ವಾರ್ಡಿನಲ್ಲಿ ನರ್ಸ್ ಆಗಿದ್ದೆ. ಈಗ ನಮ್ಮ ಡಾಕ್ಟರು ನಡೆಸುತ್ತಿರುವ ಸಂಶೋಧನೆಯೊಂದರ ಗುಮಾಸ್ತೆ. ವರ್ಷಗಟ್ಟಲೆ ಬಿಡದ ನೋವಿನವರಿಗೆ ಬರೀ ಮಾತ್ರೆ ಕೊಡುವ ಬದಲು, ನೋವು ಹೇಗೆ ಹುಟ್ಟುತ್ತದೆ ಅಂತ ತಿಳಿಸಿಹೇಳಿ, ದಿನಾ ಸ್ವಲ್ಪ ಸ್ವಲ್ಪವೇ ನಡೆಸಿ, ದೇಹದ ಹೆದರಿಕೆ ಬಿಡಿಸಿದರೆ ಕಡಿಮೆಯಾಗುತ್ತದೆಯೇ ಅನ್ನುವುದು ಅದರ ಪ್ರಶ್ನೆ. ನನ್ನ ಪಾಲಿಗೆ ಬಂದಿರುವುದು ಬೇರೆ ಪ್ರಶ್ನೆ: "ಸೊನ್ನೆ ಅಂದರೆ ನೋವೇ ಇಲ್ಲ, ಹತ್ತು ಅಂದರೆ ನೀವು ಊಹಿಸಬಹುದಾದ ಅತಿ ಹೆಚ್ಚು ನೋವು. ಕಳೆದ ವಾರ ನಿಮ್ಮ ನೋವು ಎಷ್ಟಿತ್ತು?" ಇದನ್ನು ಅಚ್ಚಾದ ಹಾಗೇ ಓದಬೇಕು. ಸುಳಿವು ಕೊಡಬಾರದು, ಹುಬ್ಬು ಕೂಡ ಏರಿಸಬಾರದು. ಉತ್ತರದ ಮೇಲೆ ಅನುಮಾನ ಬಂದರೆ ಮತ್ತೆ ಅದನ್ನೇ ಓದಬೇಕು.

ಅಂದ ಹಾಗೆ ನನಗೂ ಎಂಟು ವರ್ಷದಿಂದ ಕುತ್ತಿಗೆ ನೋವಿದೆ. ಯಾರಾದರೂ ಕೇಳಿದರೆ ಎರಡು ಅನ್ನುತ್ತೇನೆ.

೧. ದೊಮ್ಮಲೂರಿನ ಯಜಮಾನರು

ಇವರ ತಂದೆಯ ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ನಾಲ್ಕಂತಸ್ತಿನ ಕಟ್ಟಡ ಬೆಳೆದಿದೆ. ಬೆನ್ನು ನೋವು ಶುರುವಾಗಿದ್ದು ಹಳೇ ಏಟಿನಿಂದ. ಏಟು ವಾಸಿಯಾದರೂ ನೋವು ಬಿಡಲಿಲ್ಲ. ಮೊದಲ ದಿನ ಪ್ರಶ್ನೆ ಓದಿದೆ. ಅವರು ಉತ್ತರ ಹೇಳದೆ ಪಕ್ಕದವರ ಕಡೆ ತಿರುಗಿ, "ನಿಮ್ಗೆಷ್ಟು ಬಿತ್ತು?" ಅಂದರು. ಪಕ್ಕದವರು ಎಂಟು ಅಂದರು.

"ಹಂಗಾದ್ರೆ ನಂಗೆ ಹತ್ತು ಹಾಕಮ್ಮ. ಊರಿನವ್ನು ನಾನು, ಕಮ್ಮಿ ಹೇಳಿದ್ರೆ ಚೆಂದಾಗಿರಲ್ಲ."

ಅಂದಿನಿಂದ ಪ್ರತಿ ವಾರ ಹತ್ತೇ. ಡಾಕ್ಟರು ಕೂರಿಸಿಕೊಂಡು ವಿವರಿಸಿದರು: ಗಾಯ ಮಾಗಿದ ಮೇಲೂ ಕೆಲವರ ನರಗಳು ಸೂಕ್ಷ್ಮವಾಗಿಯೇ ಉಳಿದುಬಿಡುತ್ತವೆ, ಬೆಂಕಿ ಇಲ್ಲದಿದ್ದರೂ ಅಲಾರಂ ಹೊಡೆದುಕೊಳ್ಳುವ ಹಾಗೆ. ಯಜಮಾನರು ಬಹಳ ಗಂಭೀರವಾಗಿ ಕೇಳಿಸಿಕೊಂಡರು.

"ಗೊತ್ತಾಯ್ತು ಡಾಕ್ಟ್ರೇ. ನಮ್ ಬಿಲ್ಡಿಂಗಲ್ಲೂ ಅದೇ ಕತೆ. ಮೂರನೇ ಮಹಡಿಯಾಕೆ ಒಗ್ಗರಣೆ ಹಾಕಿದ್ರೆ ಸಾಕು, ಹೊಡ್ಕೊಳ್ಳೋಕ್ ಶುರು. ಬ್ಯಾಟ್ರಿ ಕಿತ್ ಹಾಕ್ದೆ, ಸರಿಹೋಯ್ತು." ನಂತರ ಅಂಗಿ ಎತ್ತಿ ಬೆನ್ನು ತೋರಿಸಿದರು. "ನಂದು ಎಲ್ಲಿದೆ ನೋಡಿ."

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. "ಪ್ರಪಂಚದವರೆಲ್ಲ ಅದನ್ನೇ ಹುಡುಕ್ತಿದ್ದೀವಿ ಯಜಮಾನ್ರೇ," ಅಂದರು.

೨. ಶಿವಾಜಿನಗರದ ಟೈಲರ್

ಮೂವತ್ತು ವರ್ಷ ಮಿಷನ್ ತುಳಿದು ಭುಜ ಸೋತ ಮನುಷ್ಯ. ದಿನಾ ರಾತ್ರಿ ಒಂದು ಅಂಕಿ ಬರೆಯಲಿ ಅಂತ ತಿಂಗಳ ಡೈರಿ ಕೊಟ್ಟು ಕಳಿಸಿದೆ. ಎರಡನೇ ದಿನವೇ ವಾಪಸ್ ತಂದರು. ಮೂವತ್ತೂ ದಿನ ಭರ್ತಿ, ಕೈಬರಹ ಕಾಜಾ ಹೊಲಿದಷ್ಟು ನೀಟು.

"ಇನ್ನೂ ಬರದ ದಿನದ ನೋವು ಹೇಗ್ರೀ ಗೊತ್ತು ನಿಮ್ಗೆ?" ಅಂದೆ.

"ಗೊತ್ತಾಗುತ್ತೆ ಮೇಡಂ. ಹಬ್ಬದ ವಾರ ಒಂಬತ್ತು, ಹಬ್ಬ ಆದ್ಮೇಲೆ ಐದು. ಮೂವತ್ತು ವರ್ಷದಿಂದ ಇದೇ ಚಲ್ತಾ ಹೈ."

ಹಾಗೆಲ್ಲ ಮಾಡುವ ಹಾಗಿಲ್ಲ ಅಂತ ಗದರಿ ಹೊಸ ಡೈರಿ ಕೊಟ್ಟೆ. ಅವರ ಮುಖ ಬಾಡಿತು. "ಜಿಂದಗಿಯಲ್ಲಿ ಮೊದಲ್ನೇ ಸಲ ಹೇಳಿದ್ ಡೇಟಿಗಿಂತ ಮುಂಚೆ ಡೆಲಿವರಿ ಕೊಟ್ಟಿದ್ದೀನಿ. ಅದಕ್ಕೂ ಬೈತೀರಲ್ಲ."

ತಿಂಗಳ ಕೊನೆಗೆ ಎರಡೂ ಡೈರಿ ಪಕ್ಕಪಕ್ಕ ಇಟ್ಟು ನೋಡಿದೆ. ಹಬ್ಬದ ವಾರ ಒಂಬತ್ತೇ ಬಂದಿತ್ತು. ನನಗೆ ನಗು ಬರಲಿಲ್ಲ.

೩. ಚೌಕಾಸಿ

ಆಕೆ ಕಲಬುರಗಿ ಕಡೆಯವರು. ಗರುಡಾಚಾರ್‌ಪಾಳ್ಯದ ಒಂದು ಬಾಡಿಗೆ ಕೋಣೆಯಲ್ಲಿ ಸಂಸಾರ, ಹತ್ತಿರದ ಆಫೀಸೊಂದರಲ್ಲಿ ನೆಲ ಒರೆಸುವ ಕೆಲಸ. ಆರು ವರ್ಷದ ಸೊಂಟ ನೋವು. ಬೆಂಚಿನಲ್ಲಿ ಜಾಗವಿದ್ದರೂ ಕೂರದೆ ಗೋಡೆ ಹಿಡಿದು ನಿಂತಿದ್ದರು. ನಮ್ಮಲ್ಲಿ ಚಿಕಿತ್ಸೆಗೆ ಸೇರಬೇಕಾದರೆ ನೋವು ಕನಿಷ್ಠ ನಾಲ್ಕಿರಬೇಕು. ಅದನ್ನು ಅವರಿಗೆ ಹೇಳುವ ಹಾಗಿಲ್ಲ. ಪ್ರಶ್ನೆ ಓದಿದೆ.

"ಎರಡು ಬರ್ಕೋರಿ."

ಗೋಡೆ ಹಿಡಿದ ಆ ಬೆರಳು ನೋಡಿದರೆ ಎರಡು ಅಂತ ಯಾರೂ ನಂಬುವ ಹಾಗಿರಲಿಲ್ಲ. ಅಚ್ಚಾದ ಹಾಗೇ ಇನ್ನೊಮ್ಮೆ ಓದಿದೆ. ಆಕೆ ನನ್ನನ್ನು ಅಳೆದು ನೋಡಿದರು.

"ಆಯ್ತು, ಒಂದೂವರಿ ಮಾಡ್ರಿ."

ಮೂರನೇ ಸಲ, ಆದಷ್ಟು ನಿಧಾನವಾಗಿ ಓದಿದೆ.

"ಒಂದು. ಇದ್ಕಿಂತ ಕಮ್ಮಿ ಆಗಂಗಿಲ್ರಿ ಮೇಡಂ."

ಸಂತೆಯಲ್ಲಿ ಮತ್ತೆ ಮತ್ತೆ ಕೇಳುವುದೇ ರೇಟು ಇಳಿಸಲಿಕ್ಕೆ. ನಾನೂ ಅದನ್ನೇ ಮಾಡುತ್ತಿದ್ದೇನೆ ಅಂದುಕೊಂಡಿದ್ದರು. ಇದನ್ನೆಲ್ಲ ನೋಡುತ್ತ ಕೂತಿದ್ದ ದೊಮ್ಮಲೂರಿನ ಯಜಮಾನರಿಗೆ ನಮ್ಮ ನಾಲ್ಕರ ನಿಯಮ ಯಾರ ಬಾಯಿಂದಲೋ ಗೊತ್ತಾಗಿತ್ತು. ಹತ್ತಕ್ಕಿಂತ ಕೆಳಗೆ ಒಂದು ದಿನವೂ ಇಳಿಯದ ಮನುಷ್ಯ ನನ್ನ ಹತ್ತಿರ ಬಗ್ಗಿ ಮೆಲ್ಲಗೆ ಅಂದರು: "ನಂದ್ರಲ್ಲಿ ಮೂರು ತೆಗ್ದು ಆಯಮ್ಮನ ಹೆಸ್ರಿಗೆ ಹಾಕ್ಬಿಡು. ನಂಗೆ ಏಳು ಸಾಕು."

೪. ಬಾಗಿಲು

ತಪ್ಪು ನನ್ನದು ಅಂತ ಆಗ ಹೊಳೆಯಿತು. ಬೆಂಚಿನ ಎದುರು, ಹತ್ತು ಜನರ ಕಿವಿಗೆ ಬೀಳುವ ಹಾಗೆ ಕೇಳಿದರೆ ಯಾರು ತಾನೇ ನಿಜ ಹೇಳುತ್ತಾರೆ? ಆಕೆಯನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದೆ.

"ಈ ನಂಬರ್ ನಮ್ ಸೂಪರ್‌ವೈಸರ್ ಕಡಿ ಹೋಗ್ತದೇನ್ರಿ? ಸೊಂಟ ನೋವು ಅಂದ್ರ ನಾಳಿಂದ ಬರಬ್ಯಾಡ ಅಂತಾರ್ರಿ."

ಎಲ್ಲಿಗೂ ಹೋಗುವುದಿಲ್ಲ ಅಂದೆ. ಪ್ರಶ್ನೆ ಓದಿದೆ. ಆಕೆ ಬಾಗಿಲು ಸರಿಯಾಗಿ ಹಾಕಿದೆಯೇ ಅಂತ ನೋಡಿ, "ಐದು" ಅಂದರು. ನಾನು ಮತ್ತೆ ಓದಲು ಹೋಗಲಿಲ್ಲ. ಐದಕ್ಕೇ ಗಟ್ಟಿಯಾಗಿ ಗುರುತು ಹಾಕಿದೆ.

ಡಾಕ್ಟರು ಬಂದು ಆಕೆಯ ಸ್ಕ್ಯಾನ್ ನೋಡಿದರು. ಅದರಲ್ಲಿ ಏನೂ ಇರಲಿಲ್ಲ. "ಇದ್ರಾಗ ಏನೂ ಇಲ್ಲ, ನಾಟಕ ಮಾಡ್ಲಿಕತ್ತಿ ಅಂತಾನ್ರಿ ನನ್ ಗಂಡ," ಅಂದರು ಆಕೆ, ಅದು ತನ್ನದೇ ತಪ್ಪು ಅನ್ನುವ ಹಾಗೆ.

"ಸ್ಕ್ಯಾನ್‌ಗೆ ನೋವು ಕಾಣಿಸೋದೇ ಇಲ್ಲಮ್ಮ," ಅಂದರು ಡಾಕ್ಟರು. "ನೀವು ಸುಳ್ಳು ಹೇಳ್ತಿಲ್ಲ."

ಆಕೆ ಸೆರಗು ಮುಖಕ್ಕೆ ಒತ್ತಿಕೊಂಡು ಅತ್ತರು. ಆರು ವರ್ಷದಲ್ಲಿ ಆ ಮಾತನ್ನು ಒಬ್ಬರೂ ಹೇಳಿರಲಿಲ್ಲವಂತೆ. ನಗು ಬಂದಿರಲಿಲ್ಲ, ಆದರೂ ನಾನು ಮುಖಕ್ಕೆ ಫೈಲು ಅಡ್ಡ ಹಿಡಿದುಕೊಂಡೆ. ಹೊರಗೆ ಬಂದರೆ ಯಜಮಾನರು ಕಾಯುತ್ತಿದ್ದರು. "ಆಯಮ್ಮಂಗೆ ಪಾಸಾಯ್ತಾ? ಹಂಗಾದ್ರೆ ನನ್ ಮೂರು ನಂಗೇ ವಾಪಸ್ ಹಾಕು."

೫. ಏಳು

ಮೂರು ತಿಂಗಳು ಆಕೆ ತಪ್ಪದೆ ಬಂದರು, ಪ್ರತಿ ವಾರ ಐದೇ ಅಂದರು. ಮೊದಲು ಐದು ನಿಮಿಷ ನಡಿಗೆ, ಆಮೇಲೆ ಏಳು, ಆಮೇಲೆ ಹತ್ತು. ಕೊನೆಯ ದಿನ ಹಲಸೂರು ಮೆಟ್ರೋ ಸ್ಟೇಷನ್ನಿನಿಂದ ನಡೆದೇ ಬಂದು, ಬೆಂಚಿನ ಮೇಲೆ ಕೂತು ಯಜಮಾನರ ಜೊತೆ ನಗುತ್ತಿದ್ದರು. ಒಳಗೆ ಕರೆದು ಪ್ರಶ್ನೆ ಓದಿದೆ.

"ಏಳು ಬರ್ಕೋರಿ."

ಡಾಕ್ಟರು ಹಾಳೆ ನೋಡಿ ಸಪ್ಪಗಾದರು. "ಐದಿದ್ದದ್ದು ಏಳಾಯ್ತಲ್ಲಮ್ಮ. ಜಾಸ್ತಿಯಾಗಿದ್ಯಾ?"

"ಇಲ್ರಿ ಸರ್. ಅವತ್ತ್ ಹತ್ತ್ ಇತ್ರಿ. ಖರೇ ಹೇಳಾಕ ಧೈರ್ಯ ಇರ್ಲಿಲ್ಲ. ಈಗ ಖರೇನೇ ಏಳು."

ಹಳೆಯ ಐದನ್ನು ತಿದ್ದುವ ಹಾಗಿಲ್ಲ. ಕಾಗದದ ಪ್ರಕಾರ ನಮ್ಮ ಚಿಕಿತ್ಸೆಯಿಂದ ಆಕೆಗೆ ನೋವು ಹೆಚ್ಚಾಗಿದೆ. ಡಾಕ್ಟರು ತಲೆ ಮೇಲೆ ಕೈಹೊತ್ತು ಕೂತರು. ಆಕೆಗೆ ಕೆಡುಕೆನಿಸಿತು. "ಸರ್‌ಗೆ ಬ್ಯಾಸ್ರ ಆಗೋದಾದ್ರ ಎರಡ ಬರ್ಕೋರಿ ಮೇಡಂ, ನಂದೇನ್ ಅಡ್ಡಿ ಇಲ್ಲ."

ಬೇಡ, ಏಳೇ ಇರಲಿ ಅಂದೆ. ಅಷ್ಟು ಖುಷಿಯಿಂದ ಬೇರೆ ಯಾವ ಅಂಕಿಯನ್ನೂ ನಾನು ಬರೆದಿಲ್ಲ. ಡಾಕ್ಟರು ಹೊರಟುಹೋದರು. ನಾನು ಫೈಲು ಮುಚ್ಚಿ, ಅಭ್ಯಾಸದಂತೆ ಕುತ್ತಿಗೆ ಒತ್ತಿಕೊಂಡೆ. ಆಕೆ ಬಾಗಿಲ ಹತ್ತಿರ ನಿಂತು ತಿರುಗಿ ನೋಡಿದರು.

"ಮೇಡಂ, ಕುತ್ಗಿ ನೋಯ್ತದೇನ್ರಿ? ಹತ್ತಕ್ಕ ಎಷ್ಟದ?"

"ಎರಡು," ಅಂದೆ.

ಆಕೆ ಹುಬ್ಬು ಏರಿಸಲಿಲ್ಲ. ಸುಳಿವು ಕೊಡಲಿಲ್ಲ. ಮೂರು ತಿಂಗಳು ನನ್ನ ಬಾಯಿಂದ ಕೇಳಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದರು: "ಸೊನ್ನೆ ಅಂದ್ರ ನೋವೇ ಇಲ್ಲ, ಹತ್ತು ಅಂದ್ರ ನೀವು ಊಹಿಸಬಹುದಾದ ಅತಿ ಹೆಚ್ಚು ನೋವು. ಕಳೆದ ವಾರ ನಿಮ್ಮ ನೋವು ಎಷ್ಟಿತ್ತು?"

ನಾನು ತೆರೆದ ಬಾಗಿಲ ಕಡೆ ನೋಡಿದೆ. ಹೊರಗೆ ಬೆಂಚಿನ ಮೇಲಿಂದ ಯಜಮಾನರು ಕತ್ತು ಚಾಚಿ ಕೇಳಿಸಿಕೊಳ್ಳುತ್ತಿದ್ದರು. ಆಕೆ ಅದನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಬಾಗಲ ಹಾಕ್ಲೇನ್ರಿ ಮೇಡಂ?"