ಹುರುಳಿ ಒಕ್ಕಿದ ಜರ್ಮನ್ ಕಾರು

ನಮ್ಮ ಮಾವನಿಗೆ ಜರ್ಮನಿಯಲ್ಲಿ ನೆಂಟರಿದ್ದಾರೆ ಎಂದು ದೊಡ್ಡಬಳ್ಳಾಪುರ ತಾಲ್ಲೂಕಿನ ಅರ್ಧ ಜನ ನಂಬಿದ್ದಾರೆ. ಉಳಿದ ಅರ್ಧ ಜನಕ್ಕೆ ಮಾವ ಇನ್ನೂ ಸಿಕ್ಕಿಲ್ಲ, ಅಷ್ಟೆ.

ಮಾವ ಎಂದರೆ ನನ್ನ ಅಮ್ಮನ ತಮ್ಮ. ವಯಸ್ಸು ಅರವತ್ತೆಂಟು ದಾಟಿದೆ. ಜರ್ಮನಿ ಹಾಗಿರಲಿ, ತಿರುಪತಿಯಿಂದ ಆಚೆಗೆ ಹೋದವರಲ್ಲ. ಆದರೆ ಅಲ್ಲಿನ ಒಂದು ಕಾರು ಕಂಪನಿಯ ಮಾತು ಬಂದರೆ ಸಾಕು, ಸ್ವಂತ ದಾಯಾದಿಗಳ ಬಗ್ಗೆ ಎಂದೂ ತೋರದ ಪ್ರೀತಿಯಿಂದ ಶುರುಮಾಡುತ್ತಾರೆ. ಆ ಕಂಪನಿಯ ಹೆಸರನ್ನು ಮಾತ್ರ ಬಾಯಿಬಿಟ್ಟು ಹೇಳುವುದಿಲ್ಲ. ಹಿಂದಿನ ಕಾಲದ ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲವಲ್ಲ, ಹಾಗೆ. ‘ನಮ್ಮ ಕಂಪನಿ’ ಎನ್ನುತ್ತಾರೆ. ಮಾವನ ಮರ್ಯಾದೆಗಾಗಿ ನಾನೂ ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಇದನ್ನೆಲ್ಲ ಹಳೆಯ ಡೈರಿಗಳನ್ನು ಎದುರಿಗಿಟ್ಟುಕೊಂಡು ಬರೆಯುತ್ತಿದ್ದೇನೆ. ನನ್ನ ನೆನಪನ್ನು ನಾನು ನಂಬುವುದಿಲ್ಲ. ಇತಿಹಾಸದಲ್ಲಿ ಎಂ.ಎ. ಮಾಡಿದ್ದರಿಂದ ನನಗಾದ ಲಾಭ ಅದೊಂದೇ. ತೊಂದರೆ ಏನೆಂದರೆ, ಆ ಡೈರಿ ಬರೆದವಳೂ ನಾನೇ ಅಲ್ಲವೆ?

ಬಾಶೆಟ್ಟಿಹಳ್ಳಿ ಕಡೆಯ ಕೈಗಾರಿಕಾ ಪ್ರದೇಶಕ್ಕೆ ಮಾವನ ಹೊಲ ಹೋಯಿತು. ಉಳುವುದಕ್ಕೆ ನೆಲವಿಲ್ಲದ ಮೇಲೆ ಎತ್ತುಗಳನ್ನೂ ಕೊಟ್ಟುಬಿಟ್ಟರು. ಅಲ್ಲಿಂದ ಮನುಷ್ಯನಿಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಖಾಲಿ ಕೊಟ್ಟಿಗೆಗೆ ಹೋಗುವುದು, ಅಲ್ಲಿಂದ ಬೀದಿಯ ತುದಿಗೆ, ಮತ್ತೆ ಕೊಟ್ಟಿಗೆಗೆ. “ಒಂದು ಕಡೆ ಕೂತ್ಕೊಳ್ರೀ, ನಿಮ್ಮನ್ನ ನೋಡಿ ನೋಡಿ ನಂಗೆ ತಲೆ ಸುತ್ತು ಬರ್ತದೆ” ಎಂದು ಅತ್ತೆ ಗದರುತ್ತಿದ್ದರು. ಒಂದು ಬೆಳಿಗ್ಗೆ ಮಾವ, ಕೊಟ್ಟಿಗೆ ಖಾಲಿ ಇರಬಾರದು ಎಂದು ಘೋಷಿಸಿ ಬೆಂಗಳೂರಿಗೆ ಕಾರು ತರಲು ಹೊರಟರು. ಇಂಗ್ಲಿಷಿನ ಅಗತ್ಯ ಬಿದ್ದರೆ ಇರಲಿ ಎಂದು ನನ್ನನ್ನೂ ಕರೆದುಕೊಂಡರು.

ಅದೊಂದು ಹಳೆಯ ಕಾರುಗಳನ್ನು ಮಾರುವ ದೊಡ್ಡ ಅಂಗಡಿ. ‘ನಮ್ಮ ಕಂಪನಿ’ಯ ಕಾರೊಂದು ಮೂಲೆಯಲ್ಲಿ ಮಿರಿಮಿರಿ ಮಿಂಚುತ್ತ ನಿಂತಿತ್ತು. ಮಾವ ಹೋರಿ ನೋಡುವಂತೆ ಅದನ್ನು ನೋಡಿದರು. ಮೂರು ಸುತ್ತು ಬಂದರು. ಎದುರಿಗೆ ಕುಕ್ಕರಗಾಲಲ್ಲಿ ಕೂತು ಮೂತಿ ನೋಡಿದರು. ಬೆನ್ನಿನ ಮೇಲೆ ಅಂಗೈ ಸವರಿ ಸುಳಿ ಹುಡುಕಿದರು. ಆಮೇಲೆ ಹೇಳಿದರು, “ಬಾಯಿ ತೆಗ್ಸಪ್ಪಾ, ಹಲ್ಲು ನೋಡ್ಬೇಕು.” ಟೈ ಕಟ್ಟಿದ್ದ ಅಂಗಡಿಯವನು ಬುದ್ಧಿವಂತ, ಬಾನೆಟ್ ಎತ್ತಿ ತೋರಿಸಿದ.

ಬೆಲೆ ಮಾತಾಡುವಾಗ ಮಾತ್ರ ಅವನ ಬುದ್ಧಿ ಸಾಲಲಿಲ್ಲ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ವ್ಯಾಪಾರ ಬಾಯಲ್ಲಿ ನಡೆಯುವುದಿಲ್ಲ. ಇಬ್ಬರ ಕೈಗಳ ಮೇಲೂ ಒಂದು ಟವಲ್ ಹೊದಿಸಿ, ಅದರಡಿಯಲ್ಲಿ ಬೆರಳು ಹಿಡಿದು ಬೆಲೆ ಹೇಳುತ್ತಾರೆ, ಪಕ್ಕದಲ್ಲಿ ನಿಂತವನಿಗೂ ಗೊತ್ತಾಗದಂತೆ. ಮಾವ ಹೆಗಲ ಮೇಲಿನ ಟವಲನ್ನು ಆ ಟೈಯವನ ಕೈಮೇಲೆ ಹಾಕಿ ಮೂರು ಬೆರಳು ಹಿಡಿದರು.

“ಮೇಡಂ, ಸಾರ್‌ಗೆ ಹುಷಾರಿಲ್ವಾ?” ಎಂದ ಅವನು.

“ಬೆಲೆ ಹೇಳ್ತಿದ್ದಾರೆ” ಎಂದೆ.

ಅವನು ಗಾಬರಿಯಿಂದ ಕೈ ಎಳೆದುಕೊಳ್ಳಲು ನೋಡಿದ. ‘ಇದು ಸಾಲದು ಅನ್ನುತ್ತಿದ್ದಾನೆ’ ಎಂದು ತಿಳಿದ ಮಾವ ಇನ್ನೊಂದು ಬೆರಳು ಸೇರಿಸಿದರು. ಅವನು ಇನ್ನೂ ಜೋರಾಗಿ ಎಳೆದ. ಹೀಗೆ ಎಳೆದೂ ಎಳೆದೂ ಐದು ಬೆರಳನ್ನೂ ಗಿಟ್ಟಿಸಿಕೊಂಡ. ಹೊರಗೆ ಬಂದ ಮೇಲೆ ಮಾವ ಬೆವರು ಒರೆಸಿಕೊಳ್ಳುತ್ತ ಹೇಳಿದರು, “ಭಾರಿ ಗಟ್ಟಿ ಕುಳ ಕಣಮ್ಮ. ಬಾಯೇ ಬಿಡ್ಲಿಲ್ಲ.”

ಕಾರು ಬಂತು, ಅದರ ಹಿಂದೆಯೇ ಪುರಾಣವೂ ಬಂತು. ಮಾವ ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಕಂಪನಿಯ ಚರಿತ್ರೆಯನ್ನು ಅರೆದು ಕುಡಿದಿದ್ದರು. ಸಂಜೆ ಜಗಲಿಯ ಮೇಲೆ ಪಾರಾಯಣ. ಖಾಯಂ ಶ್ರೋತೃ ಎಂದರೆ ಪಕ್ಕದ ಮನೆಯ ಗೌಡರು.

“ಮೊದ್ಲು ಇಬ್ರಿದ್ರು ಕಣಪ್ಪಾ. ಒಬ್ಬ ಒಂದೂರಲ್ಲಿ, ಇನ್ನೊಬ್ಬ ಇನ್ನೊಂದೂರಲ್ಲಿ. ಬಸ್ ಹತ್ತಿದ್ರೆ ಎರಡು ಗಂಟೆ ದಾರಿ. ಇಬ್ರಿಗೂ ಒಂದೇ ಕಾಲಕ್ಕೆ ಹೊಳೀತು, ಕುದುರೆ ಇಲ್ದೆ ಗಾಡಿ ಓಡಿಸ್ಬೇಕು ಅಂತ. ಆದ್ರೆ ಜೀವಮಾನದಲ್ಲಿ ಒಬ್ರನ್ನೊಬ್ರು ಮಾತಾಡ್ಸಿದೋರಲ್ಲ.”

“ಅಣ್ತಮ್ಮಂದಿರಾ?” ಗೌಡರ ಪ್ರಶ್ನೆ.

“ಅಲ್ಲ ಕಣಯ್ಯಾ.”

“ಮತ್ತೆ ಯಾಕೆ ಮಾತು ಬಿಟ್ಟಿದ್ರು?”

ಇದಕ್ಕೆ ಯಾವ ವಿಡಿಯೋದಲ್ಲೂ ಉತ್ತರವಿರಲಿಲ್ಲ. “ಹೊಲದ ಬದುವಿನ ಜಗಳ ಇರ್ಬೇಕು ಬಿಡು” ಎಂದು ಗೌಡರೇ ತೀರ್ಮಾನ ಕೊಟ್ಟರು. ಮೊದಲ ಮಹಾಯುದ್ಧದ ನಂತರ ಕಷ್ಟಕಾಲ ಬಂದು ಎರಡು ಕಂಪನಿಗಳೂ ಒಂದಾದವು ಎಂಬ ಅಧ್ಯಾಯಕ್ಕೆ ಬಂದಾಗ ಗೌಡರು ನಿಟ್ಟುಸಿರು ಬಿಟ್ಟರು. “ಸದ್ಯ, ಕೊನೇಗಾದ್ರೂ ರಾಜಿ ಆಯ್ತಲ್ಲ.”

ಒಮ್ಮೆ ನಾನು ಆ ಚರಿತ್ರೆಯ ಇನ್ನೊಂದು ಪುಟ ತೆಗೆದೆ. ಎರಡನೆಯ ಯುದ್ಧದ ಕಾಲದಲ್ಲಿ ಆ ಕಾರ್ಖಾನೆಗಳಲ್ಲಿ ಸೆರೆಯಾಳುಗಳನ್ನು, ಹಿಡಿದು ತಂದ ಜನರನ್ನು ಬಲವಂತವಾಗಿ ದುಡಿಸಿಕೊಂಡಿದ್ದರು, ಕಂಪನಿಯೇ ಮುಂದೆ ಅದನ್ನು ಒಪ್ಪಿಕೊಂಡಿತು ಎಂದೆ. ಮಾವನನ್ನು ಸ್ವಲ್ಪ ಇಳಿಸಬೇಕೆಂಬ ಚಪಲ ಇತ್ತೋ ಏನೋ. ಮಾವ ಎದ್ದು ಹೋಗಿ, ಒರೆಸಿದ್ದ ಕಾರನ್ನೇ ಮತ್ತೆ ಒರೆಸಿದರು. ಒರೆಸುತ್ತಲೇ, “ನಮ್ಮ ತಾತನೂ ಜೀತಕ್ಕೆ ಇಟ್ಕೊಂಡಿದ್ದ. ನಮ್ಮ ಮನೇಲಿ ಇನ್ನೂ ಯಾರೂ ಒಪ್ಕೊಂಡಿಲ್ಲ” ಎಂದರು. ಹಾಗೆಂದು ಡೈರಿಯಲ್ಲಿದೆ. ಮಾವ ಇಷ್ಟು ನೆಟ್ಟಗೆ ಹೇಳಿದರೋ, ಅವರು ಅರ್ಧ ಹೇಳಿದ್ದನ್ನು ನಾನು ಪೂರ್ತಿ ಮಾಡಿದೆನೋ ತಿಳಿಯದು. ಅವರು ಕಾರು ಒರೆಸಿದ್ದು ಮಾತ್ರ ನಿಜ.

ಕಾರಿನ ನಿಜವಾದ ಕೀರ್ತಿ ಹಬ್ಬಿದ್ದು ಸುಗ್ಗಿಯಲ್ಲಿ. ನಮ್ಮ ಕಡೆ ಈಗ ಕಣ ಮಾಡಿ ಒಕ್ಕುವವರು ಕಡಿಮೆ. ಕೊಯ್ದ ಹುರುಳಿಯನ್ನು ಬಳ್ಳಿ ಸಮೇತ ಟಾರು ರಸ್ತೆಯ ಮೇಲೆ ಹರಡಿಬಿಡುತ್ತಾರೆ. ಹೋಗಿ ಬರುವ ಬಸ್ಸು, ಲಾರಿಗಳ ಚಕ್ರವೇ ಕಾಳು ಬಿಡಿಸುತ್ತದೆ. ಬೇರೆ ಕಾರಿನವರು ಬೈದುಕೊಂಡು ಪಕ್ಕಕ್ಕೆ ಹೋದರೆ ಮಾವ ಹುಡುಕಿಕೊಂಡು ಬಂದು ಅದರ ಮೇಲೆಯೇ ಓಡಿಸುತ್ತಿದ್ದರು. ಒಂದು ಸಲವಲ್ಲ, ಹಿಂದಕ್ಕೆ ಮುಂದಕ್ಕೆ ಇಪ್ಪತ್ತು ಸಲ. ಎತ್ತು ಹೊಡೆಯುವಾಗಿನಂತೆ ನಾಲಿಗೆಯಲ್ಲಿ ಟಕಟಕ ಸದ್ದು ಬೇರೆ. ಅಂತೂ ಮನುಷ್ಯನಿಗೆ ಕೆಲಸ ಸಿಕ್ಕಿತ್ತು. “ಲಾರಿ ಹೋದ್ರೆ ಕಾಳು ಒಡೀತದೆ, ನಿನ್ ಕಾರು ಹೋದ್ರೆ ಕೈಯಲ್ಲಿ ಬಿಡಿಸ್ದಂಗೆ ಬರ್ತದೆ ಗುರು” ಎಂದು ಗೌಡರು ಸರ್ಟಿಫಿಕೇಟ್ ಕೊಟ್ಟರು. ಇಷ್ಟು ವರ್ಷಗಳ ಇತಿಹಾಸದಲ್ಲಿ ಆ ಕಂಪನಿಗೆ ಇಂಥ ಬಿರುದು ಸಿಕ್ಕಿರಲಿಕ್ಕಿಲ್ಲ!

ಸರ್ವಿಸ್‌ಗೆ ಬಿಟ್ಟಾಗ ಅಲ್ಲಿನ ಮೆಕ್ಯಾನಿಕ್ ಕಾರಿನ ಹೊಟ್ಟೆಯಿಂದ ಒಂದು ಮಂಕರಿ ಒಣ ಬಳ್ಳಿ ಕಿತ್ತು ಹೊರಗೆ ಹಾಕಿದ.

“ಸಾರ್, ಇದನ್ನ ಎಲ್ಲಿ ಓಡಿಸ್ತೀರಾ?”

“ಹುರುಳಿ ಮೇಲೆ.”

“ಬಿಸಿಗೆ ಬೆಂಕಿ ಹತ್ಕೊಂಡ್ರೆ ಏನ್ಮಾಡ್ತೀರಾ ಸಾರ್?”

“ನಮ್ಮ ಕಂಪನಿ ಎರಡು ಯುದ್ಧ ಕಂಡಿದೆ ಕಣಪ್ಪಾ, ಹುರುಳಿಗೆ ಹೆದರ್ತದಾ?”

ಆ ಬಳ್ಳಿಯನ್ನು ಚೀಲಕ್ಕೆ ತುಂಬಿಸಿಕೊಂಡು ಬಂದು ಗೌಡರ ಹಸುವಿಗೆ ಹಾಕಿದರು.

ಹೀಗಿರುವಾಗ ಮಾವನ ಲೈಸೆನ್ಸಿನ ಅವಧಿ ಮುಗಿಯಿತು. ಹೊಸದಾಗಿ ಮಾಡಿಸಲು ಡಾಕ್ಟರ ಸರ್ಟಿಫಿಕೇಟ್ ಬೇಕು. ಸಕ್ಕರೆ ಕಾಯಿಲೆ ಮಾವನ ಎಡಗಣ್ಣನ್ನು ತಿನ್ನುತ್ತಿರುವುದು ಗೊತ್ತಿದ್ದವಳು ನಾನೊಬ್ಬಳೇ, ಅದೂ ಅವರು ಹೇಳಿದ್ದರಿಂದ. “ನಿಮ್ಮತ್ತೆಗೆ ಹೇಳ್ಬೇಡ ತಾಯಿ, ಬೀಗದಕೈ ಕಿತ್ಕೊಳ್ತಾಳೆ” ಎಂದಿದ್ದರು. ಕಣ್ಣಿನ ಡಾಕ್ಟರ ಗೋಡೆಯ ಮೇಲಿನ ಅಕ್ಷರಗಳ ಫಲಕವನ್ನು ಫೋನಿನಲ್ಲಿ ಹೇಗೋ ತೆಗೆದುಕೊಂಡು ಬಂದಿದ್ದರು. ಅದನ್ನು ಓದಿ ಓದಿ ಅವರಿಗೆ ಮಗ್ಗಿಯಂತೆ ಬಾಯಿಪಾಠ ಮಾಡಿಸಿದವಳು ನಾನೇ. ಆಗ ಅದು ತಮಾಷೆಯಾಗಿ ಕಂಡಿತ್ತು. ನಿಜವಾಗಿ ಹಾಗೇ ಕಂಡಿತ್ತೇ? ಡೈರಿಯಲ್ಲಿ ಆ ವಾರ ಒಂದು ಸಾಲೂ ಇಲ್ಲ.

ಪರೀಕ್ಷೆಯ ದಿನ ಬಲಗಣ್ಣು ಪಾಸಾಯಿತು. ಎಡಗಣ್ಣಿನ ಸರದಿಯಲ್ಲಿ ಮಾವ ಮೇಲಿನಿಂದ ಕೆಳಗಿನವರೆಗೆ ಒಂದೇ ಉಸಿರಿಗೆ ಒಪ್ಪಿಸಿದರು. ಡಾಕ್ಟರಮ್ಮ ಮೆಲ್ಲನೆ ಫಲಕದ ದೀಪ ಆರಿಸಿ, ಕಿಟಕಿಯ ಪರದೆ ಎಳೆದು, “ಇನ್ನೊಂದ್ಸಲ ಓದಿ ಯಜಮಾನ್ರೇ” ಎಂದರು. ಮಾವ ಆ ಕತ್ತಲಲ್ಲಿ ಮತ್ತೆ ಮೊದಲಿನಿಂದ ಶುರುಮಾಡಿದರು.

ಸರ್ಟಿಫಿಕೇಟ್ ಸಿಗಲಿಲ್ಲ. ಎಡಗಣ್ಣು ಹೋಗಿದೆ, ಬಲಗಣ್ಣನ್ನಾದರೂ ಉಳಿಸಿಕೊಳ್ಳಿ, ಇನ್ನು ಗಾಡಿ ಮುಟ್ಟಬೇಡಿ ಎಂದರು ಡಾಕ್ಟರಮ್ಮ. ಅವತ್ತು ವಾಪಸ್ಸು ಬರುವಾಗ ಕಾರು ಓಡಿಸಿದವರು ಯಾರು ಅಂತೀರಿ? ನನಗಂತೂ ಓಡಿಸಲು ಬರುವುದಿಲ್ಲ. “ಎಡಗಡೆ ನೀನಿದೀಯಲ್ಲ, ನೋಡ್ಕೊ” ಎಂದರು ಮಾವ. ನೋಡಿಕೊಂಡೆ. ಅತ್ತೆಗೆ ಹೇಳಲಿಲ್ಲ.

ಆ ವರ್ಷದ ಸುಗ್ಗಿಯಲ್ಲೂ ಮಾವ ಹುರುಳಿಯ ಮೇಲೆ ಕಾರು ಬಿಟ್ಟರು. “ಎತ್ತು ಕಟ್ಟಿ ಒಕ್ಕುವಾಗ ಲೈಸೆನ್ಸ್ ಇತ್ತಾ?” ಎಂಬ ವಾದ. ನಾನು ಎಡಗಡೆ ಕೂತಿದ್ದೆ, ಅವರ ಎಡಗಣ್ಣಾಗಿ. ಆ ಎಡಗಣ್ಣು ಆ ಹೊತ್ತಿನಲ್ಲಿ ಫೋನ್ ನೋಡುತ್ತಿತ್ತು. ತಲೆ ಎತ್ತಿದಾಗ ರಸ್ತೆಯ ಎಡ ಅಂಚಿನಲ್ಲಿ ಗೌಡರ ತಾಯಿ ಕೂತು ಬಳ್ಳಿ ಮಗುಚಿ ಹಾಕುತ್ತಿದ್ದರು, ನಮ್ಮ ಚಕ್ರದ ದಾರಿಯಲ್ಲೇ. ನಾನು ಕೂಗಿದೆ. ಕಾರು ನಿಂತಿತು. ಮುದುಕಿಗೂ ಕಾರಿಗೂ ನಡುವೆ ಒಂದು ಮೊಳ ಎಂದು ಡೈರಿ ಹೇಳುತ್ತದೆ, ಒಂದು ಗೇಣು ಎಂದು ನೆನಪು ಹೇಳುತ್ತದೆ. ಡೈರಿ ಬರೆಯುವಾಗ ನನಗೆ ನನ್ನನ್ನು ಉಳಿಸಿಕೊಳ್ಳಬೇಕಿತ್ತು. ಈ ಸಲ ನೆನಪನ್ನೇ ನಂಬುತ್ತೇನೆ.

ಮುದುಕಿ ಎದ್ದೂ ಇರಲಿಲ್ಲ. “ಏನಪ್ಪಾ, ನನ್ನೂ ಒಕ್ಬಿಡ್ತಿದ್ದಲ್ಲ. ಏನ್ ಕಾಳು ಸಿಗ್ತಿತ್ತು ನನ್ನಲ್ಲಿ?” ಎಂದರು.

ಮಾವ ಇಳಿದು ಅವರ ಪಕ್ಕ ಹುರುಳಿಯಲ್ಲಿ ಕೂತುಬಿಟ್ಟರು. ಕಾರನ್ನು ಅಲ್ಲೇ ಬಿಟ್ಟು ನಡೆದುಕೊಂಡು ಮನೆಗೆ ಬಂದು, ಅತ್ತೆಯ ಕೈಗೆ ಬೀಗದಕೈ ಕೊಟ್ಟು, ಎಲ್ಲವನ್ನೂ ಹೇಳಿದರು.

“ಎಷ್ಟು ದಿನದಿಂದ?” ಎಂದರು ಅತ್ತೆ.

“ವರ್ಷದ ಮೇಲಾಯ್ತು.”

ಅತ್ತೆ ನೋಡಿದ್ದು ಮಾವನ ಮುಖವನ್ನಲ್ಲ, ನನ್ನದನ್ನು.

ಗೌಡರ ಮಗ ಕಾರನ್ನು ತಂದು ಕೊಟ್ಟಿಗೆಯಲ್ಲಿ ನಿಲ್ಲಿಸಿದ. ಕೋಳಿಗಳು ಅದರ ಮೇಲೆ ಕೂರತೊಡಗಿದವು. ಮಾವನ ನಡಿಗೆ ಮತ್ತೆ ಶುರುವಾಯಿತು, ಈಗ ಗೋಡೆ ಸವರಿಕೊಂಡು. ಪಾರಾಯಣವೂ ನಿಂತಿತು. “ಏನಾದ್ರೂ ಹೇಳೋ, ನಿನ್ ಜರ್ಮನಿಯೋರು ಹೆಂಗಿದಾರೆ?” ಎಂದು ಗೌಡರು ಕೆಣಕಿದರೂ ಬಾಯಿ ತೆರೆಯಲಿಲ್ಲ.

ನನಗೂ ಮನಸ್ಸಿಗೆ ನೆಮ್ಮದಿಯಿರಲಿಲ್ಲ. ಮಾವನನ್ನು ಮಾತಾಡಿಸಲು ಏನಾದರೂ ಸಿಕ್ಕೀತೆಂದು ಆ ಕಂಪನಿಯ ಬಗ್ಗೆ ಓದುತ್ತ ಕೂತೆ. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಕೇಳಿದೆ, “ಮಾವ, ಆ ಕಾರನ್ನ ಮೊಟ್ಟಮೊದಲು ದೂರದ ಊರಿಗೆ ಓಡಿಸಿಕೊಂಡು ಹೋದವರು ಯಾರು ಗೊತ್ತಾ?”

ಮಾವ ಮುದ್ದೆಯಿಂದ ಕೈ ತೆಗೆದು, ಸುಮ್ಮನಿರು ಎಂಬಂತೆ ತಲೆಯಾಡಿಸಿದರು.

“ಯಾರು?” ಎಂದರು ಅತ್ತೆ, ಸೌಟು ಹಿಡಿದುಕೊಂಡೇ.

“ಕಂಡುಹಿಡಿದ ಇಬ್ಬರಲ್ಲಿ ಒಬ್ಬನ ಹೆಂಡತಿ, ಅತ್ತೆ. ಗಂಡನಿಗೆ ಹೇಳದೆ ಮಕ್ಕಳಿಬ್ಬರನ್ನು ಕೂರಿಸಿಕೊಂಡು ತವರಿಗೆ ಹೊರಟುಬಿಟ್ಟಳು. ದಾರಿಯಲ್ಲಿ ಔಷಧಿ ಅಂಗಡಿಯಲ್ಲಿ ಗಾಡಿಗೆ ಎಣ್ಣೆ ಕೊಂಡಳು. ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಲ್ಲಿ ಚುಚ್ಚಿ ಸರಿಮಾಡಿದಳು. ಅವಳು ಹೋಗಿ ಬಂದ ಮೇಲೇ ಜನ ಆ ಗಾಡಿಯನ್ನು ನಂಬಿದ್ದು.”

ಅತ್ತೆ ಸೌಟು ಕೆಳಗಿಟ್ಟರು. “ಅಲ್ಲ ಕಣ್ರೀ, ಊರಿಗೆಲ್ಲ ಅವರ ಕಥೆ ಹೇಳಿದ್ರಿ. ಇದೊಂದು ಗೊತ್ತಿರ್ಲಿಲ್ವಾ?”

“ಗೊತ್ತಿತ್ತು.”

“ಮತ್ತೆ?”

“ಹೇಳಿದ್ರೆ ನೀನು ಬೀಗದಕೈ ಕೇಳ್ತಿದ್ದೆ.”

“ಕೇಳ್ತಿದ್ದೆ” ಎಂದರು ಅತ್ತೆ, ಮತ್ತು ಮಾವನಿಗೆ ಇನ್ನೊಂದು ಸೌಟು ಸಾರು ಬಡಿಸಿದರು.

ಅರವತ್ತೆರಡನೆಯ ವಯಸ್ಸಿನಲ್ಲಿ ಅತ್ತೆ ದೊಡ್ಡಬಳ್ಳಾಪುರದ ಡ್ರೈವಿಂಗ್ ಸ್ಕೂಲಿಗೆ ಸೇರಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬೆಳಿಗ್ಗೆ ಬಸ್ಸಿಗೆ ಹೋಗಿ ಬರುತ್ತಿದ್ದರು. ಕಲಿಸುವವನಿಗೇ “ಅವಸರ ಮಾಡ್ಬೇಡಪ್ಪಾ, ರಸ್ತೆ ಎಲ್ಲೂ ಓಡಿ ಹೋಗಲ್ಲ” ಎಂದು ಬುದ್ಧಿ ಹೇಳಿದರಂತೆ. ಮೊದಲ ಪರೀಕ್ಷೆಯಲ್ಲೇ ಲೈಸೆನ್ಸ್ ಬಂತು.

ಮೊದಲ ಪ್ರಯಾಣ ಅತ್ತೆಯ ತವರು ಜಡಿಗೇನಹಳ್ಳಿಗೆ. ನಾನು ಹಿಂದಿನ ಸೀಟಿನಲ್ಲಿ. ದೇವನಹಳ್ಳಿಯವರೆಗೂ ಮಾವ ಒಂದೇ ಸಮನೆ ಉಪದೇಶ ಮಾಡಿದರು. ಬ್ರೇಕ್ ಮೆತ್ತಗೆ ಒತ್ತು, ಮುಂದೆ ಹಂಪ್ ಇದೆ, ಸ್ಟೇರಿಂಗನ್ನು ಕೊಡ ಹಿಡಿದಂಗೆ ಹಿಡೀಬೇಡ. “ನೀವು ಬಾಯಿ ಮುಚ್ಚಿದ್ರೆ ನಂಗೆ ರಸ್ತೆ ಕಾಣ್ತದೆ” ಎಂದರು ಅತ್ತೆ. ಮಾವ ಬಾಯಿ ಮುಚ್ಚಿದರು. ಹೊಸಕೋಟೆ ಬಂದರೂ ತೆರೆಯಲಿಲ್ಲ. ಸುಮ್ಮನೆ ಬಲಕ್ಕೆ ಕತ್ತು ತಿರುಗಿಸಿ ಅತ್ತೆಯ ಕಡೆಗೇ ನೋಡುತ್ತಿದ್ದರು. ಸದಾ ಏನನ್ನಾದರೂ ಮುಟ್ಟುತ್ತ ತಿರುಗಿಸುತ್ತ ಇರುವ ಅವರ ಕೈಗಳೆರಡೂ ತೊಡೆಯ ಮೇಲಿದ್ದವು.

“ಏನ್ ಮಾವ, ತಪ್ಪು ಹುಡುಕ್ತಿದ್ದೀರಾ?” ಎಂದೆ.

“ಇಲ್ಲ ಕಣಮ್ಮ” ಎಂದರು. “ನಾನು ಓಡ್ಸುವಾಗ ಇವ್ಳು ಎಡಗಡೆ ಕೂರ್ತಿದ್ಳು. ವರ್ಷದಿಂದ ಆ ಕಡೆ ಬರೀ ಬಳೆ ಸದ್ದು. ಮನೇಲಿ ನೋಡಿದ್ರೆ ಒಲೆ ಮುಂದೆ ಬೆನ್ನು. ಈಗ ಈ ಕಡೆ ಬಂದ್ಳಲ್ಲ, ಕಾಣ್ತಾಳೆ.”

ಸ್ವಲ್ಪ ದೂರ ಹೋದ ಮೇಲೆ ಅತ್ತೆ, ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದರು, “ಓಲೆ ಬದಲಾಯಿಸಿದೀನಿ, ಕಾಣ್ತಾ?”

“ಕಾಣ್ತು” ಎಂದರು ಮಾವ.

ಹಿಂದಿನಿಂದ ಲಾರಿಯವನೊಬ್ಬ ಬಿಡದೆ ಹಾರನ್ ಹೊಡೆಯುತ್ತಿದ್ದ. ಅತ್ತೆ ವೇಗವನ್ನು ಇನ್ನಷ್ಟು ಇಳಿಸಿದರು.