ಸೋದರತ್ತೆಯ ಹಾಜರಿ

ಏಳು ಕೆರೆಯಾಚೆ, ಏಳು ಬನ್ನಿಮರದಾಚೆ ಒಬ್ಬ ರಾಜನಿದ್ದ. ಅವನಿಗೆ ಬಂಗಾರದಂಥ ಮಗ ಹುಟ್ಟಿದ. ತೊಟ್ಟಿಲು ಕಟ್ಟಿದರು, ಗುಗ್ಗರಿ ಬೇಯಿಸಿದರು, ಊರೆಲ್ಲ ಕೂಡಿತು. ಆದರೆ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದ ಸೋದರತ್ತೆಯೇ ಬರಲಿಲ್ಲ. ಅವಳು ತನ್ನ ಮಹಡಿಯಲ್ಲಿ ಕೂತು ಓಲೆಗರಿ ಓದುತ್ತಿದ್ದಳು. ಇದೊಂದು ಗರಿ ಮುಗಿಸಿ ಬಂದೆ ಅಂದಳು. ಗರಿ ಮುಗಿಯಲಿಲ್ಲ, ಕೂಸು ಹೆಸರಿಲ್ಲದೆ ಬೆಳೆಯಿತು. ಯಾರು ‘ಏಯ್’ ಅಂದರೂ ಅವರ ಹಿಂದೆ ಹೋಗುವುದು ಅದಕ್ಕೆ ರೂಢಿಯಾಯಿತು. ಒಂದು ದಿನ ಆಡು ಕಾಯುವವನೊಬ್ಬ ತನ್ನ ಆಡಿಗೆ ‘ಏಯ್’ ಅಂದ. ರಾಜಕುಮಾರ ಹಿಂಡಿನ ಜೊತೆ ಹೋದವನು ಹೋದ. ಅತ್ತೆ ಓದು ಮುಗಿಸಿ ಓಡಿಬಂದಾಗ ಅವನು ಗುಡ್ಡದ ಮೇಲೆ ನಿಂತು ಅವಳನ್ನು ನೋಡಿ ‘ಮ್ಯಾ’ ಅಂದನಂತೆ.

ಮಾನ್ವಿಯ ಅಜ್ಜಿ ಈ ಕತೆ ಹೇಳಿದಾಗಲೆಲ್ಲ ಶಿವಗಂಗಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಈಗ ಅಜ್ಜಿ ಇಲ್ಲ, ಶಿವಗಂಗಾಳಿಗೆ ಮೂವತ್ನಾಲ್ಕು. ರಾಯಚೂರಿನ ಹೊರಗಿನ ಒಂದು ಸಂಶೋಧನಾ ಕೇಂದ್ರದಲ್ಲಿ, ಮೂರನೆಯ ಸಾಲಿನ ಕುರ್ಚಿಯಲ್ಲಿ ಕೂತು ‘ಅಡಿಟಿಪ್ಪಣಿ ಬರೆಯುವ ಕ್ರಮ’ ಕೇಳುತ್ತಿದ್ದಾಗ, ಕಿಟಕಿಯ ಹೊರಗೆ ಒಂದು ಆಡು ಸ್ಪಷ್ಟವಾಗಿ ‘ಮ್ಯಾ’ ಅಂದಿತು. ಅವಳಿಗೆ ನಗು ಬರಲಿಲ್ಲ. ಬೆವರು ಬಂತು.

ಯಾಕೆಂದರೆ ಅದೇ ಸೋಮವಾರ ಮಾನ್ವಿಯ ತವರುಮನೆಯಲ್ಲಿ ಅವಳ ಅಣ್ಣ ಬಸವಲಿಂಗನ ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಐದು ತಿಂಗಳಾದರೂ ಕೂಸಿಗೆ ಹೆಸರಿಲ್ಲ. ಓಣಿಯವರು ಗುಂಡಿ ಅನ್ನುತ್ತಿದ್ದರು, ಹಾಲು ಹಾಕುವವನು ಪಾಪು ಅನ್ನುತ್ತಿದ್ದ, ಬಸವಲಿಂಗ ಬರೀ ‘ಏಯ್’ ಅನ್ನುತ್ತಿದ್ದ. ಕೂಸು ಹುಟ್ಟುವ ಮೊದಲೇ ಅತ್ತಿಗೆ ವಿಜಯಲಕ್ಷ್ಮಿಯ ಕೈಮೇಲೆ ಕೈಯಿಟ್ಟು, “ನಿನ್ನ ಕೂಸಿಗೆ ನಾನೇ ಬಂದು ಹೆಸರ ಇಡ್ತೀನಿ” ಎಂದು ಮಾತು ಕೊಟ್ಟವಳು ಶಿವಗಂಗಾ.

ಆ ಮಾತು ಕೊಡುವಾಗ ಪಿಎಚ್‌ಡಿಯ ರೆಸಿಡೆನ್ಸಿ ಎಂಬ ಪ್ರಾಣಿ ಅವಳ ದಾರಿಗೆ ಅಡ್ಡ ಬಂದಿರಲಿಲ್ಲ. ಹತ್ತು ದಿನ ಕೇಂದ್ರದಲ್ಲೇ ಇರಬೇಕು, ಹಾಸ್ಟೆಲಿನಲ್ಲೇ ಮಲಗಬೇಕು. ಬೆಳಿಗ್ಗೆ ಹತ್ತಕ್ಕೆ, ಸಂಜೆ ನಾಲ್ಕೂವರೆಗೆ ಮುಖ ನೋಡಿ ಹಾಜರಿ ಹಾಕುವ ಯಂತ್ರದ ಮುಂದೆ ನಿಲ್ಲಬೇಕು. ಮೊಬೈಲು ಹತ್ತರಿಂದ ಐದರವರೆಗೆ ಬೀಗ ಹಾಕಿದ ಪೆಟ್ಟಿಗೆಯಲ್ಲಿ. ಅರ್ಧ ದಿನ ತಪ್ಪಿದರೂ ಹತ್ತು ದಿನ ನೀರಿಗೆ ಹೋದಂತೆ, ಮುಂದಿನ ವರ್ಷ ಮತ್ತೆ ಮೊದಲಿಂದ. ದೇವದುರ್ಗದ ಕಾಲೇಜಿನಲ್ಲಿ ಒಂಬತ್ತು ವರ್ಷದಿಂದ ಅತಿಥಿ ಉಪನ್ಯಾಸಕಿಯಾಗಿರುವ ಶಿವಗಂಗಾಳಿಗೆ, ಅತಿಥಿಯನ್ನು ಯಾವಾಗ ಬೇಕಾದರೂ ಹೊರಗೆ ಕಳಿಸಬಹುದೆಂದು ಚೆನ್ನಾಗಿ ಗೊತ್ತಿತ್ತು. ಆ ಪಿಎಚ್‌ಡಿಯೊಂದೇ ಅವಳ ಕುರ್ಚಿಗೆ ನಾಲ್ಕನೆಯ ಕಾಲು.

ಹೋದ ವಾರ ಕೇಂದ್ರದ ನಿರ್ದೇಶಕರ ಮುಂದೆ ಕೈಕಟ್ಟಿ ನಿಂತು ಅರ್ಧ ದಿನದ ರಜೆ ಕೇಳಿದ್ದಳು. “ನೋಡಿ ಅಮ್ಮಾ, ಸಂಸಾರ ಗೇಟಿನ ಹೊರಗೆ, ಸಂಶೋಧನೆ ಗೇಟಿನ ಒಳಗೆ,” ಎಂದು ಅವರು ಹೇಳುತ್ತಿರುವಾಗಲೇ ಅವರ ಹೆಂಡತಿ ಗೇಟಿನ ಒಳಗೆ ಬಂದು ನಾಲ್ಕು ಡಬ್ಬಿಯ ಊಟದ ಕ್ಯಾರಿಯರ್ ಮೇಜಿನ ಮೇಲಿಟ್ಟಿದ್ದರು. “ಕೊನೆಯ ದಿನ ಮಧ್ಯಾಹ್ನ ನನ್ನದೇ ಉಪನ್ಯಾಸ ಇದೆ, ತಪ್ಪಿಸಬೇಡಿ,” ಎಂದಿದ್ದರು ನಿರ್ದೇಶಕರು ಅನ್ನ ಕಲಸುತ್ತ. ಉಪನ್ಯಾಸದ ವಿಷಯ: ‘ಸಂಶೋಧನೆ ಮತ್ತು ಸಂಸಾರ: ಸಮತೋಲನದ ಕಲೆ’.

ಅಣ್ಣ ಫೋನಿನಲ್ಲಿ ಕಿಡಿಕಿಡಿಯಾಗಿದ್ದ. “ಅಯ್ಯನೋರು ಶರಣಯ್ಯ ಹೇಳ್ಯಾರ, ಸೋಮವಾರ ಹೊತ್ತು ಮುಳುಗೋದ್ರಾಗ ಹೆಸರ ಆಗಬೇಕು. ಮುಂದ ಒಂದು ತಿಂಗಳ ಚಲೋ ದಿನಾನೇ ಇಲ್ಲ. ನೀ ಬರಲಿಲ್ಲಂದ್ರ ನನ್ನ ಮಗಳು ಹಂಗೇ ಇರ್ತಾಳ ಬಿಡು, ಹೆಸರಿಲ್ದ!”

ಗಂಡ ಮೌನೇಶನ ಫೋನು ಬೇರೆ. ದೇವದುರ್ಗದ ಮನೆಯಲ್ಲಿ ಆರು ವರ್ಷದ ಮಗಳೊಂದಿಗೆ ಉಳಿದಿದ್ದ ಅವನು ದಿನಾ ಬೆಳಿಗ್ಗೆ ತಪ್ಪದೆ ಕೇಳುತ್ತಿದ್ದ: “ಸಾಸಿವಿ ಡಬ್ಬಿ ಎಲ್ಲದ?”

“ಎಡಗಡಿ ಮೂರನೇದು.”

“ಎಡಗಡಿ ಅಂದ್ರ ನನ್ನ ಎಡಾನೋ, ಗೋಡಿ ಎಡಾನೋ?”

ಹೀಗೆ ಒಂಬತ್ತು ದಿನ ಕಳೆದು ಹತ್ತನೆಯ ದಿನ ಆ ಆಡು ಬಾಯಿ ತೆರೆಯಿತು.

ಚಹಾದ ಬಿಡುವಿನಲ್ಲಿ ಶಿವಗಂಗಾ ಪಕ್ಕದ ಕುರ್ಚಿಯ ಗುಲ್ಫಶಾಳ ಕೈ ಹಿಡಿದಳು. “ಗುಲ್ಫಶಾ, ನಾ ಮಾನ್ವಿಗೆ ಹೋಗಿ ನಾಕೂವರಿ ಒಳಗ ಬರ್ತೀನಿ. ಹೆಸರ ಹೇಳೋದು ಎರಡು ನಿಮಿಷದ ಕೆಲಸ.”

“ಅರೇ, ನಿನಗ ಹುಚ್ಚು ಹಿಡದದೇನು?” ಅಂದಳು ಗುಲ್ಫಶಾ. ಆದರೆ ಅವಳಿಗೂ ಹತ್ತು ದಿನದ ಅಡಿಟಿಪ್ಪಣಿಯಿಂದ ಜೀವ ಬೇಸತ್ತಿತ್ತು, ಏನಾದರೂ ನಡೆಯಲಿ ಎಂದು ಕಾಯುತ್ತಿದ್ದಳು. “ಹೋಗು. ನಿನ್ನ ಹಸಿರು ಓಡ್ನಿ ಕುರ್ಚಿ ಮ್ಯಾಲ ಬಿಟ್ಟು ಹೋಗು. ಯಾರರೆ ಕೇಳಿದ್ರ ಬಾತ್‌ರೂಮಿಗೆ ಹೋಗ್ಯಾಳ ಅಂತೀನಿ. ಫಿಕರ್ ಮಾಡಬ್ಯಾಡ.”

ಗೇಟಿನಲ್ಲಿ ಕಾವಲುಗಾರ ಹುಸೇನಪೀರ ಅಡ್ಡ ನಿಂತ. “ಚೀಟಿ ಇಲ್ದ ಬಿಡಂಗಿಲ್ರಿ ಮೇಡಂ.”

“ಕಾಕಾ, ನಮ್ಮಣ್ಣನ ಕೂಸಿಗೆ ಹೆಸರಿಡಬೇಕ್ರಿ. ಬರೋವಾಗ ನಿಮಗ ಗುಗ್ಗರಿ ತರ್ತೀನಿ.”

ಹುಸೇನಪೀರ ಆಕಾಶ ನೋಡಿದ, ನೆಲ ನೋಡಿದ, ಆಮೇಲೆ ಬಹಳ ಹೊತ್ತು ಗೋಡೆಯ ಕಡೆ ತಿರುಗಿ ನಿಂತ. ಅವನು ಮತ್ತೆ ಇತ್ತ ತಿರುಗುವಷ್ಟರಲ್ಲಿ ಶಿವಗಂಗಾ ಬಸ್‌ಸ್ಟ್ಯಾಂಡಿನ ಆಟೋದಲ್ಲಿದ್ದಳು.

ಆಧಾರ್ ಕಾರ್ಡು ತೋರಿಸಿ ಪುಕ್ಕಟೆ ಚೀಟಿ ಪಡೆದು ಕಿಟಕಿ ಪಕ್ಕ ಕೂತಳು. ಬಸ್ಸು ಊರೂರಿಗೂ ನಿಂತು, ಹತ್ತಿಸಿ, ಇಳಿಸಿ, ಚಹಾ ಕುಡಿದು, ಬಾಣಂತಿಯ ಹಾಗೆ ಮೆಲ್ಲಗೆ ನಡೆಯಿತು. ಕಲ್ಲೂರಿನ ಹತ್ತಿರ ಎದುರಿನಿಂದ ಒಂದು ಕ್ರೂಸರ್ ಗಾಡಿ ಬುರ್ರನೆ ಹೋಯಿತು. ಒಳಗೆ ತುಂಬ ಹೆಂಗಸರು, ಮೇಲೆ ಸೀರೆ ಸುತ್ತಿದ ಏನೋ ಒಂದು ಮರದ ಸಾಮಾನು, ನಾಲ್ಕು ಕಾಲು ಆಕಾಶಕ್ಕೆ. ಅಜ್ಜಿಯ ಇನ್ನೊಂದು ಕತೆಯ ಹಾರುವ ಮಂಚ ಹೀಗೇ ಇದ್ದಿರಬೇಕು ಅಂದುಕೊಂಡು ಶಿವಗಂಗಾ ಸುಖವಾಗಿ ಕಣ್ಣು ಮುಚ್ಚಿದಳು.

ಮಾನ್ವಿಯಲ್ಲಿ ಇಳಿದು ಓಡುತ್ತ ಮನೆ ತಲುಪಿದರೆ ಬಾಗಿಲಿಗೆ ಬೀಗ. ಹೊಸ್ತಿಲಿಗೆ ಹಸಿ ರಂಗೋಲಿ, ಮೇಲೆ ತೋರಣ, ನಡುವೆ ತೆಂಗಿನಕಾಯಿಯಷ್ಟು ದಪ್ಪ ಬೀಗ. ಎದುರುಮನೆಯ ಕರೆಮ್ಮ ಕಟ್ಟೆಯ ಮೇಲೆ ಕೂತು ಅವಳನ್ನು ದೆವ್ವ ಕಂಡಂತೆ ನೋಡಿದಳು.

“ಯವ್ವಾ, ನೀ ಇಲ್ಯಾಕ ಬಂದಿ?”

“ಹೆಸರಿಡಾಕ ಬಂದೀನಿ. ಎಲ್ಲಾರೂ ಎಲ್ಲಿ ಹೋಗ್ಯಾರ?”

“ನೀ ಇದ್ದಲ್ಲಿಗೇ ಹೋಗ್ಯಾರಲ್ಲ! ಹತ್ತು ಗಂಟೆಯಿಂದ ನಿನಗ ಫೋನ್ ಹಚ್ಚಿ ಹಚ್ಚಿ ಸಾಕಾತು. ಆಮ್ಯಾಲ ನಿನ್ನ ಗಂಡ ಬಂದು ಹೇಳಿದ, ಆಕಿಗೆ ಬರಾಕ ಆಗಲಿಲ್ಲಂದ್ರ ಏನಾತು, ತೊಟ್ಟಿಲಾನೇ ಅಲ್ಲಿಗೆ ಒಯ್ಯೋಣು ಅಂತ. ಎಲ್ಲಾರೂ ಅವನ ಬುದ್ಧಿ ನೋಡಿ ಹೌಹಾರಿ ಬಿಟ್ರು. ಕ್ರೂಸರ್ ಮಾಡ್ಕೊಂಡು, ಗುಗ್ಗರಿ ಪಾತೇಲಿ ಇಟ್ಕೊಂಡು ಹೋದ್ರು. ನನಗಷ್ಟೇ ಜಾಗ ಸಿಗಲಿಲ್ಲ.”

ಎಂಟು ವರ್ಷದ ಸಂಸಾರದಲ್ಲಿ ಮೌನೇಶನಿಗೆ ತಾನಾಗಿ ಹೊಳೆದ ಮೊದಲ ಉಪಾಯ ಅದು. ಇನ್ನೊಂದು ದಿನ ಹೊಳೆಯಬಾರದಿತ್ತೇ!

ಶಿವಗಂಗಾ ಬಂದ ಕಾಲಲ್ಲೇ ತಿರುಗಿದಳು. ಬಸ್ಸಿಗೆ ಮುಕ್ಕಾಲು ಗಂಟೆ ಕಾದಳು. ಕೂತಲ್ಲೇ ಕಾಲಿನಿಂದ ಬಸ್ಸನ್ನು ಮುಂದಕ್ಕೆ ತಳ್ಳಿದಳು. ರಾಯಚೂರಿನಲ್ಲಿ ಆಟೋದವನಿಗೆ ದೇವರಾಣೆ ಹಾಕಿದಳು. ಗೇಟಿನ ಮುಂದೆ ಇಳಿದಾಗ ನಾಲ್ಕು ಗಂಟೆ ಇಪ್ಪತ್ತೇಳು ನಿಮಿಷ.

ಹುಸೇನಪೀರ ಸ್ಟೂಲಿನ ಮೇಲೆ ಕೂತು ಎಲೆಯಿಂದ ಏನೋ ತಿನ್ನುತ್ತಿದ್ದ. “ಮೇಡಂ, ನಿಮ್ಮ ಗುಗ್ಗರಿ ಭಾರೀ ರುಚಿ ಅದ ನೋಡ್ರಿ. ನೀವ್ ತರೋಕಿಂತ ಮೊದಲ ಬಂತು.”

ನಿಂತು ಮಾತಾಡಲು ಹೊತ್ತಿರಲಿಲ್ಲ. ಮೊಗಸಾಲೆಗೆ ಓಡಿ ಯಂತ್ರದ ಮುಂದೆ ಮುಖವಿಟ್ಟಳು. ಧೂಳು, ಬೆವರು, ಕೆದರಿದ ಕೂದಲು. ಯಂತ್ರ ಒಂದು ಕ್ಷಣ ಅನುಮಾನಿಸಿತು, ಆಮೇಲೆ ಹಸಿರು ದೀಪ ಹತ್ತಿತು: ಹಾಜರಿ ಆಗಿದೆ, ಧನ್ಯವಾದ. ಶಿವಗಂಗಾ ಗೋಡೆಗೆ ಒರಗಿ ಉಸಿರು ಬಿಟ್ಟಳು. ಗೆದ್ದಳು! ತವರಿನವರು ಬಂದಿದ್ದಾರೆ, ಇಲ್ಲೇ ಹೆಸರು ಹೇಳಿದರಾಯಿತು. ಮೌನೇಶನಿಗೆ ಒಂದು ಮುತ್ತು ಕೊಡಬಹುದು ಅನ್ನಿಸುವಷ್ಟರಲ್ಲಿ ಹೆಂಗಸರ ಬಾತ್‌ರೂಮಿನ ಕಡೆಯಿಂದ ಗದ್ದಲ ಕೇಳಿತು.

ಅಲ್ಲಿ ಅರವತ್ತು ಜನರ ಗುಂಪು. ಶಿವಗಂಗಾ ಹಿಂದೆ ನಿಂತು ಇಣುಕಿದಳು.

“ಏನಾಗ್ಯದ್ರಿ?” ಎಂದು ಮುಂದಿದ್ದವನನ್ನು ಕೇಳಿದಳು.

“ಯಾರೋ ಶಿವಗಂಗಾ ಅಂತ ಮೇಡಂ ಒಳಗ ಬಿದ್ದಾರಂತ. ಒಂದೂವರಿ ತಾಸಾತು, ಉಸುರ್ ಅನವಲ್ರು,” ಎಂದ ಅವನು ಹಿಂದೆ ನೋಡದೆ.

ನಡೆದದ್ದು ಇಷ್ಟು. ತವರಿನವರನ್ನು ಒಳಗೆ ಕೂರಿಸಿಕೊಂಡು ನಿರ್ದೇಶಕರು ಸಮತೋಲನದ ಮೇಲೆ ಮಾತಾಡುತ್ತ ಮೂರನೆಯ ಸಾಲಿನ ಹಸಿರು ಓಡ್ನಿಯತ್ತ ಕೈ ತೋರಿಸಿ, “ಕುಟುಂಬವೇ ಇವರನ್ನು ಹುಡುಕಿಕೊಂಡು ಬಂದಿದೆ! ಎದ್ದು ನಿಲ್ಲಿ ಶಿವಗಂಗಾ ಅವರೇ,” ಅಂದರು. ಓಡ್ನಿ ಏಳಲಿಲ್ಲ. ಗುಲ್ಫಶಾ ಎದ್ದು, “ಬಾತ್‌ರೂಮಿಗೆ ಹೋಗ್ಯಾಳ್ರಿ ಸರ್, ಹೊಟ್ಟಿ ಕೆಟ್ಟದ,” ಅಂದಳು. ಅಷ್ಟಕ್ಕೇ ಬಿಡದೆ ಓಡಿಹೋಗಿ, ಜೋರಾಗಿ ಎಳೆದರೆ ಒಳಗಿನ ಚಿಲಕ ತಾನೇ ಬೀಳುವ ಆ ಬಾಗಿಲನ್ನು ಜೋರಾಗಿ ಎಳೆದಳು. ಸುಳ್ಳಿಗೆ ಸಾಕ್ಷಿ ಸಿಕ್ಕಿತು. ಸಾಕ್ಷಿಯ ಮುಂದೆ ಜನ ಸೇರಿತು.

ಈಗ ಮೌನೇಶ ಬಾಗಿಲಿಗೆ ಹಣೆ ಹಚ್ಚಿ ನಿಂತಿದ್ದ. “ಶಿವಗಂಗಾ, ಬಾಗಿಲಾ ತೆಗಿ. ಸಿಟ್ಟಿದ್ರ ಹೊರಗ ಬಂದು ಮಾಡು. ಇನ್ನ ಮ್ಯಾಲ ನಾ ಸಾಸಿವಿ ಡಬ್ಬಿ ಎಲ್ಲದ ಅಂತ ಕೇಳಂಗಿಲ್ಲ. ನಾನೇ ಹುಡುಕ್ತೀನಿ. ಭಾಂಡಿ ತಿಕ್ತೀನಿ. ಮಗಳ ಜಡಿ ಹಾಕಾಕ ಕಲಿತೀನಿ. ಮಾತಾಡು ಬೇ!”

ಗುಂಪಿನಲ್ಲಿದ್ದ ಹೆಂಗಸರು ಕಣ್ಣೊರೆಸಿಕೊಂಡರು. ಇಂಥ ಮಾತು ಕೇಳಲು ತಾನು ಬಾತ್‌ರೂಮಿನಲ್ಲಿ ಸತ್ತಿರಬೇಕಾಯಿತಲ್ಲ ಅನ್ನಿಸಿತು ಶಿವಗಂಗಾಳಿಗೆ. ಇನ್ನೂ ಏನೇನು ಒಪ್ಪಿಕೊಳ್ಳುತ್ತಾನೋ ಕೇಳೋಣವೆಂದು ಒಂದು ನಿಮಿಷ ಹೆಚ್ಚೇ ನಿಂತಳು. ಆ ಒಂದು ನಿಮಿಷವೇ ಮುಳುವಾಯಿತು. ಅವಳ ತಾಯಿ ವೀರಭದ್ರಮ್ಮ, “ನೋಡ್ಕೋತ ಏನ್ ನಿಂತೀರಿ, ಒಡೀರಿ ಅದನ್ನ!” ಎಂದು ಚೀರಿದಳು. ಬಸವಲಿಂಗ ಹೆಗಲು ಕೊಟ್ಟ. ಬಾಗಿಲು ಚಿಲಕದ ಸಮೇತ ಒಳಗೆ ಬಿತ್ತು.

ಒಳಗೆ ಒಂದು ನೀಲಿ ಬಕೆಟ್ಟು. ಅದರಲ್ಲಿ ಒಂದು ಮಗ್ಗು.

ಅರವತ್ತು ಜನ ಬಕೆಟ್ಟನ್ನು ನೋಡಿದರು. ಬಕೆಟ್ಟು ಅರವತ್ತು ಜನರನ್ನು ನೋಡಿತು. ಆಗ ಆರು ವರ್ಷದ ಮಗಳು ತಿರುಗಿ ಕುಣಿಯತೊಡಗಿದಳು: “ಯಮ್ಮ ಇಲ್ಲೇ ಅದಾಳ! ಹಿಂದ ನಿಂತು ಎಲ್ಲಾ ಕೇಳಾಕತ್ಯಾಳ!”

ಗುಲ್ಫಶಾ ತನ್ನ ಓಡ್ನಿಯನ್ನು ಮುಖಕ್ಕೆ ಎಳೆದುಕೊಂಡಳು. ಮೌನೇಶ ತಾನು ಆಡಿದ ಮಾತುಗಳನ್ನು ಲೆಕ್ಕ ಹಾಕುತ್ತ ಬಿಳಿಚಿಕೊಂಡ. ನಿರ್ದೇಶಕರು ಮುಂದೆ ಬಂದರು. ಹೆಗಲ ಮೇಲೆ ತವರಿನವರು ಹೊದಿಸಿದ ಶಾಲು, ಕೊರಳಲ್ಲಿ ಹಾರ, ಕೈಯಲ್ಲಿ ಗುಗ್ಗರಿ.

“ಎಲ್ಲಿಗೆ ಹೋಗಿದ್ದಿರಿ?”

“ಮಾನ್ವಿಗೆ, ಸರ್.”

“ಯಾರನ್ನು ನೋಡಲು? ನಿಮ್ಮ ಮಾನ್ವಿ ಪೂರ್ತಿ ಇಲ್ಲೇ ಇದೆಯಲ್ಲ.”

“ಸರ್, ಯಂತ್ರ ಹಾಜರಿ ಅಂದದ.”

“ಯಂತ್ರಕ್ಕೆ ಬಕೆಟ್ಟು ಕಾಣಿಸಿಲ್ಲ. ನನಗೆ ಕಾಣಿಸಿದೆ.” ಅವರು ಗುಗ್ಗರಿ ಜಗಿದು ಮುಗಿಸಿದರು. “ಅರ್ಧ ದಿನ ಇಲ್ಲ ಅಂದರೆ ಹತ್ತು ದಿನವೂ ಇಲ್ಲ. ಮುಂದಿನ ವರ್ಷ ಮೊದಲಿಂದ ಬನ್ನಿ. ಬರುವಾಗ ಒಂದು ಬಾಗಿಲು ಮಾಡಿಸಿಕೊಂಡು ಬನ್ನಿ.”

ವೀರಭದ್ರಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. “ನಿಮ್ದು ಆತೇನ್ರಿ ಸಾಹೇಬ್ರ? ಹಂಗಿದ್ರ ಸರೀರಿ ಅತ್ತಾಗ. ಹೊತ್ತು ಮುಳುಗಾಕ ಬಂತು.”

ಬೇವಿನ ಮರದ ಕೆಳಗೆ, ಹಾಜರಿ ಯಂತ್ರದಿಂದ ಹತ್ತು ಹೆಜ್ಜೆ ದೂರದಲ್ಲಿ ತೊಟ್ಟಿಲು ಸಿದ್ಧವಾಗಿತ್ತು. ಕಾಲು ನಾಲ್ಕೂ ಈಗ ನೆಲದ ಮೇಲಿದ್ದವು. ಶಿವಗಂಗಾ ಕಣ್ಣೊರೆಸಿಕೊಳ್ಳುವುದನ್ನು ಕಂಡು ವಿಜಯಲಕ್ಷ್ಮಿ ಹತ್ತಿರ ಬಂದು ತೋಳು ಹಿಡಿದಳು.

“ಅಳಬ್ಯಾಡ್ರಿ ಶಿವಗಂಗಾ. ಒಂದು ರೀತಿ ಚಲೋನೇ ಆತು. ಮುಂದಿನ ವರ್ಷ ಕೂಸಿನ ಜವಳ ತೆಗೀಬೇಕಲ್ಲ, ಅದನ್ನೂ ಇಲ್ಲೇ ಮಾಡೋಣು. ಹೆಂಗಿದ್ರೂ ನೀವ್ ಇಲ್ಲೇ ಇರ್ತೀರಿ.”

“ಕ್ರೂಸರ್‌ದವನಿಗೆ ಈಗೇ ಹೇಳಿ ಇಡ್ತೀನಿ,” ಎಂದ ಮೌನೇಶ. ಒಂದೇ ದಿನ ಎರಡನೆಯ ಉಪಾಯ.

ಶಿವಗಂಗಾ ತೊಟ್ಟಿಲಿನ ಮೇಲೆ ಬಾಗಿದಳು. “ಕುರ್‍ರ್‍ರ್!” ಎಂದು ಹೆಂಗಸರು ಕೂಗಿದರು. ಹೆಸರಿಡುವ ಅತ್ತೆಯ ಬೆನ್ನಿಗೆ ಗುದ್ದುವುದು ವಾಡಿಕೆ. ಅಮ್ಮ ಗುದ್ದಿದಳು, ಅತ್ತಿಗೆ ಗುದ್ದಿದಳು. ಹತ್ತು ದಿನದಿಂದ ಮನೆಮಠ ಬಿಟ್ಟು ಅಡಿಟಿಪ್ಪಣಿ ಕೇಳಿ ಬೆಂದಿದ್ದ ಸಂಶೋಧಕಿಯರೆಲ್ಲ ಸಾಲಾಗಿ ಬಂದು ಗುದ್ದಿದರು. ಎಲ್ಲಕ್ಕಿಂತ ದೊಡ್ಡ ಗುದ್ದು ಗುಲ್ಫಶಾಳದು. ಆ ಗುದ್ದಿಗೆ ಶಿವಗಂಗಾಳ ಬಾಯಿಂದ ಉಸಿರು ಹೊರಟಿತು, ಉಸಿರಿನ ಜೊತೆಗೇ ಹೆಸರು ಹೊರಟಿತು.

“ಶಾಂಭವಿ,” ಎಂದಳು ಕೂಸಿನ ಕಿವಿಯಲ್ಲಿ.

ಕಂಪೌಂಡಿನಾಚೆ ಬೆಳಗಿನ ಆಡು ಇನ್ನೂ ಮೇಯುತ್ತಿತ್ತು. ಅದು ಕರೆಯಿತು. ಕೂಸು ಅತ್ತ ತಿರುಗಲಿಲ್ಲ. ಅತ್ತೆಯ ಮುಖವನ್ನೇ ನೋಡಿತು, ಬೊಚ್ಚುಬಾಯಿ ಅಗಲಿಸಿ ನಕ್ಕಿತು. ‘ಮ್ಯಾ’ ಅನ್ನಲಿಲ್ಲ.