ಬಾರ್‌ಟೆಂಡರಿಗೆ ಎರವಲು ಮೂಗು

“ಇವತ್ತಿನಿಂದ ನಿನ್ನ ಮೂಗು ನಾನೇ!” ಎಂದು ನಾನು ಹೆಂಡತಿಗೆ ಘೋಷಿಸಿದ್ದು ಅಡುಗೆಮನೆಯಲ್ಲಿ, ಕೈಯಲ್ಲಿ ಸೌಟು ಹಿಡಿದು. ಸಿಂಹಾಸನವೊಂದು ಇದ್ದಿದ್ದರೆ ಅದರ ಮೇಲೆ ಹತ್ತಿ ನಿಂತು ಹೇಳುತ್ತಿದ್ದೆ.

ಅವಳು ಬಾರ್‌ಟೆಂಡರ್. ಹೋದ ತಿಂಗಳು ನಮ್ಮಿಬ್ಬರಿಗೂ ಒಟ್ಟಿಗೇ ಜ್ವರ ಬಂದಿತ್ತು. ಜ್ವರ ಹೋಗುವಾಗ ಅವಳಿಗೆ ವಾಸನೆ ತಿಳಿಯುವುದನ್ನೂ ಜೊತೆಗೆ ಕರೆದೊಯ್ದಿತ್ತು. ನಾಲಿಗೆಗೆ ಉಪ್ಪು, ಹುಳಿ, ಸಿಹಿ, ಕಹಿ ಗೊತ್ತಾಗುತ್ತಿತ್ತು. ಉಳಿದ ಲೋಕವೆಲ್ಲ ಬಾಗಿಲು ಹಾಕಿಕೊಂಡಿತ್ತು. ಹಳೆಯ ಪೇಯಗಳನ್ನು ಕೈಯಳತೆಯ ಮೇಲೆಯೇ ಬೆರೆಸಿ ಕೊಡುತ್ತಿದ್ದಳು. ಮಾಲೀಕರಿಗೆ ಹೇಳಿರಲಿಲ್ಲ. ಹೇಳಿದರೆ ಕೌಂಟರಿನ ಹಿಂದಿನ ಜಾಗ ಹೋಗುತ್ತಿತ್ತು. ಬಾಟಲಿಗಳ ಸಾಲಿನ ಮುಂದೆ ನಿಂತಾಗ ಅವಳ ಬೆನ್ನು ನೆಟ್ಟಗಾಗುವುದನ್ನು ನಾನು ನೋಡಿದ್ದೇನೆ. ಮನೆಯಲ್ಲಿ ಅವಳು ಎಂದೂ ಹಾಗೆ ನಿಂತವಳಲ್ಲ.

ಈಗ ಮಾಲೀಕರು ಹೊಸ ಮೆನುವಿಗೆ ಅವಳದೇ ಒಂದು ಪೇಯ ಕೇಳಿದ್ದರು. ಅವಳು ಆರಿಸಿಕೊಂಡದ್ದು ಹಳೆಯ, ಹೆಸರುವಾಸಿ ‘ಓಲ್ಡ್ ಫ್ಯಾಷನ್ಡ್’: ವಿಸ್ಕಿ, ಸಕ್ಕರೆ, ಕೆಲವು ಹನಿ ಕಹಿ ದ್ರಾವಣ, ಕಿತ್ತಳೆ ಸಿಪ್ಪೆ. ಅದಕ್ಕೆ ಅವಳ ಹೊಸ ತಿರುವು ಬೆಣ್ಣೆ! ಕಂದು ಬಣ್ಣಕ್ಕೆ ಕಾಯಿಸಿದ ಬೆಣ್ಣೆಯನ್ನು ವಿಸ್ಕಿಗೆ ಸುರಿದು, ಫ್ರೀಜರಿನಲ್ಲಿಟ್ಟು, ಗಟ್ಟಿಯಾದ ಜಿಡ್ಡನ್ನು ತೆಗೆದುಬಿಡುವುದು. ಬೆಣ್ಣೆ ಹೋಗುತ್ತದೆ, ಪರಿಮಳ ಉಳಿಯುತ್ತದೆ.

“ಹುರಿದ ಬಾದಾಮಿ ಥರ ವಾಸನೆ ಬಂದ ತಕ್ಷಣ ಇಳಿಸ್ಬೇಕು ರೀ. ಸ್ವಲ್ಪ ತಡ ಆದ್ರೂ ಸೀದು ಹೋಗುತ್ತೆ.”

“ಥರ್ಮಾಮೀಟರ್ ಇದೆಯಲ್ಲ?”

“ಥರ್ಮಾಮೀಟರಿಗೆ ಮೂಗಿದೆಯಾ?”

“ನನಗಿದೆ!”

“ಸರಿಯಾಗಿದೆ ತಾನೇ? ಜ್ವರ ನಿಮಗೂ ಬಂದಿತ್ತು.”

ರಸಾಯನಶಾಸ್ತ್ರದ ಪದವೀಧರನಿಗೆ ಇಂಥ ಪ್ರಶ್ನೆ! ವಿಸ್ಕಿ ಬಾಟಲಿಯ ಮುಚ್ಚಳ ತೆಗೆದು ಆಳವಾಗಿ ಉಸಿರೆಳೆದೆ. ಕಣ್ಣಲ್ಲಿ ನೀರು ಬಂತು. “ನೋಡು, ಹೇಗೆ ಉರೀತಿದೆ!” ಎಂದೆ. ಪ್ರಯೋಗ ಯಶಸ್ವಿ.

ನಾನು ಕೆಲಸ ಮಾಡುವುದು ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ. ಜ್ವರ ಬಿಟ್ಟು ಕೆಲಸಕ್ಕೆ ಹೋದಂದಿನಿಂದ ಪ್ರತಿ ಮಾದರಿಗೂ ‘ವಾಸನೆ: ಇಲ್ಲ’ ಎಂದೇ ವರದಿ ಕೊಟ್ಟಿದ್ದೆ. ನೀರು ಎಷ್ಟು ಶುದ್ಧವಾಗಿಬಿಟ್ಟಿದೆ ಎಂದು ಎದೆಯುಬ್ಬಿಸಿಕೊಂಡೂ ಇದ್ದೆ. ಮನೆಯ ಅಡುಗೆ ಮಾತ್ರ ಸಪ್ಪೆ. ಪಾಪ, ವಾಸನೆ ತಿಳಿಯದವಳು ಮಾಡಿದ್ದು ಎಂದು ತುಟಿ ಪಿಟಕ್ಕೆನ್ನದೆ, ಮತ್ತೊಮ್ಮೆ ಬಡಿಸಿಕೊಂಡು ಉಣ್ಣುತ್ತಿದ್ದೆ. ನನ್ನ ತ್ಯಾಗಕ್ಕೆ ನಾನೇ ಒಳಗೊಳಗೆ ಕಣ್ಣೀರಿಟ್ಟದ್ದೂ ಉಂಟು!

ಬೆಣ್ಣೆ ಕರಗಿತು. ಕಪ್ಪು ಬಾಣಲೆಯಲ್ಲಿ ಬಣ್ಣ ಸರಿಯಾಗಿ ಕಾಣದು. ಮೂಗನ್ನು ಚಾಚಿ ನಿಂತೆ.

“ಬಂತಾ?” ಕಿತ್ತಳೆ ಸಿಪ್ಪೆ ಹೆರೆಯುತ್ತಿದ್ದವಳು ಕೇಳಿದಳು.

“ಇನ್ನೂ ಇಲ್ಲ.”

“ರೀ, ಹೊಗೆ ಬರ್ತಿದೆ!”

“ಹೊಗೆ ಅಲ್ಲ ಕಣೇ, ಆವಿ. ಬೆಣ್ಣೇಲಿ ನೀರಿನಂಶ ಇರುತ್ತೆ.” ಅಷ್ಟರಲ್ಲಿ ಬಾದಾಮಿಯನ್ನು ನೆನೆದು ನೆನೆದು, ಅದು ಬಂದಂತೆಯೇ ಆಯಿತು. “ಆಹಾ, ಬಂತು! ಸಾಕ್ಷಾತ್ ಬಾದಾಮಿ!”

ಅವಳ ಮುಖ ಅರಳಿತು. ಒಂದು ತಿಂಗಳಿನಿಂದ ನಾನು ಕಾಣದ ಮುಖ ಅದು. ಮರುದಿನ ಜಿಡ್ಡು ತೆಗೆದು ರುಚಿ ನೋಡಿ, “ಸ್ವಲ್ಪ ಕಹಿ ಅಲ್ವಾ?” ಎಂದಳು.

“ಕಹಿ ದ್ರಾವಣ ಎರಡು ಹನಿ ಕಡಿಮೆ ಹಾಕು!” ಎಂದೆ. ವಿಜ್ಞಾನದಲ್ಲಿ ಎಲ್ಲಕ್ಕೂ ಪರಿಹಾರವಿದೆ.

ಅಂದು ಮಧ್ಯಾಹ್ನ, ಬಾರ್ ತೆರೆಯುವ ಮುನ್ನ, ಜೊತೆಗೆ ಹೋಗಿದ್ದ ನನ್ನೆದುರೇ ಮಾಲೀಕರು ಒಂದು ಗುಟುಕು ಕುಡಿದರು. ಗಾಜಿನ ಲೋಟ ಕೆಳಗಿಟ್ಟು ಸೀದಾ ಸಿಂಕಿನ ಬಳಿಗೆ ನಡೆದರು.

“ಏನಮ್ಮಾ ಇದು, ಸುಟ್ಟ ಟೈರು ನೆನೆಹಾಕಿದೀಯಾ? ಮೂಗಿನ ಹತ್ರ ಹಿಡಿದೂ ನೋಡ್ಲಿಲ್ವಾ?”

ಅವಳು ನನ್ನ ಕಡೆ ನೋಡಿದಳು. ನಾನು ಲೋಟ ಎತ್ತಿ ಮೂಸಿದೆ. ಉರಿ ಇತ್ತು. ಉರಿ ಬಿಟ್ಟರೆ ಏನೂ ಇರಲಿಲ್ಲ. ಕಿತ್ತಳೆ ಸಿಪ್ಪೆಯನ್ನು ಹಿಂಡಿ ಮೂಗಿಗೇ ಒತ್ತಿಕೊಂಡೆ. ಒದ್ದೆಯಾಗಿತ್ತು, ಅಷ್ಟೆ.

“ನಿಮಗೂ ಇಲ್ವಾ?” ಎಂದಳು ಮೆಲ್ಲಗೆ.

ಇಲ್ಲವೆಂದು ತಲೆಯಾಡಿಸಿದೆ. ಆಮೇಲೆ ಅವಳೇ ಮಾಲೀಕರಿಗೆ ಎಲ್ಲ ಹೇಳಿದಳು. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

“ಮೂಗು ವಾಪಸ್ ಬರ್ಲಿ. ಆಮೇಲೆ ನೀನೂ ಬಾರಮ್ಮಾ.”

“ಬರದೇ ಇದ್ರೆ ಸರ್?”

ಅವರು ಒರೆಸಿದ್ದ ಕೌಂಟರನ್ನೇ ಮತ್ತೊಮ್ಮೆ ಒರೆಸಿದರು. ಅವಳು ಏಪ್ರನ್ ಬಿಚ್ಚಿ ಮಡಿಸಿ, ಪೇಯ ಕಲಕುವ ಉದ್ದ ಚಮಚವನ್ನು ತೊಳೆದು ಅದರ ಜಾಗದಲ್ಲಿಟ್ಟಳು. ಬಾಗಿಲ ತನಕ ಬಂದವಳು ವಾಪಸು ಹೋಗಿ, ಅದನ್ನು ಇನ್ನಷ್ಟು ನೇರ ಮಾಡಿ ಬಂದಳು. ದಾರಿಯಲ್ಲಿ ನಾನು ಪ್ರಯೋಗಾಲಯಕ್ಕೆ ಫೋನ್ ಮಾಡಿ, ನನ್ನ ಮಾದರಿಗಳನ್ನೆಲ್ಲ ಬೇರೆ ಮೂಗಿನಿಂದ ಮತ್ತೆ ಪರೀಕ್ಷಿಸಿ ಎಂದೆ. ಆ ಕಡೆಯವರು ನಗುವುದೋ ಬೈಯುವುದೋ ತಿಳಿಯದೆ ಫೋನ್ ಇಟ್ಟರು.

ಮನೆಗೆ ಬಂದು ಹಾಲು ಕಾಯಲಿಟ್ಟು, ಮುಂದಿನ ಕೋಣೆಯಲ್ಲಿ ಅಕ್ಕಪಕ್ಕ ಕುಳಿತೆವು.

ಒಂದು ತಿಂಗಳಿನಿಂದ ಅಡುಗೆಯೂ ಸಪ್ಪೆ ಅನ್ನಿಸುತ್ತಿತ್ತೆಂದು ಒಪ್ಪಿಕೊಂಡೆ.

“ಅವತ್ತೇ ಹೇಳ್ಬಾರ್ದಿತ್ತಾ?”

“ನಿನಗೆ ಬೇಜಾರಾಗುತ್ತೆ ಅಂತ.”

“ನಾನು ಎಲ್ಲಾ ಅಳೆದೇ ಹಾಕ್ತಿದ್ದೆ ರೀ,” ಎಂದವಳು ನಗಲು ಹೋಗಿ ಅತ್ತಳು. ನಾನು ಅವಳ ಕೈ ಹಿಡಿದುಕೊಂಡೆ. ಎಷ್ಟು ಹೊತ್ತು ಹಾಗೆಯೇ ಕುಳಿತಿದ್ದೆವೋ, ಯಾರೋ ಬಾಗಿಲನ್ನು ದಬದಬ ಬಡಿದರು.

ತೆರೆದರೆ ಪಕ್ಕದ ಮನೆಯ ಅಜ್ಜಿ, ಸೆರಗನ್ನು ಮೂಗಿಗೆ ಒತ್ತಿಕೊಂಡು ನಿಂತಿದ್ದಾರೆ.

“ಹಾಲು ಸೀದು ಮೂರು ಮನೆಗೆ ನಾರ್ತಿದೆಯಲ್ಲಪ್ಪಾ! ಮನೇಲಿ ಎರಡೆರಡು ಮೂಗಿದ್ದೂ ನಾನು ಬಂದು ಹೇಳ್ಬೇಕಾ?”